ಫಾದರ್ ಹತ್ತಿರ ಅಪ್ಪಣೆ ಕೇಳಲು

ನಮ್ಮ ಮನೆಯಲ್ಲಿ ಜಗಳ ಆಗುವುದಿಲ್ಲ. ಇದನ್ನು ಊರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬರುವವರು ನಮ್ಮಜ್ಜಿ ಮಲ್ಲಿಕಾಂಬ. ನನಗಂತೂ ಈ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಜಗಳ ಯಾಕೆ ಆಗುವುದಿಲ್ಲ ಅಂದರೆ, ಜಗಳಕ್ಕೆ ಲಾಯಕ್ಕಾದ ಯಾವ ವಿಷಯ ಎದ್ದರೂ ನಮ್ಮಜ್ಜ ತೀರ್ಥಪ್ಪನವರು ಬಾಳೆಹಣ್ಣು, ತೆಂಗಿನಕಾಯಿ ಚೀಲಕ್ಕೆ ಹಾಕಿಕೊಂಡು ಮಠಕ್ಕೆ ಹೊರಟುಬಿಡುತ್ತಾರೆ. ಅಲ್ಲಿ ಗುರುಗಳ ಮುಂದೆ ಕೈಮುಗಿದು ಕೂರುತ್ತಾರೆ, ಬಾಯಿ ಬಿಡುವುದಿಲ್ಲ. ವಿಷಯವನ್ನು ಬಿನ್ನಹ ಮಾಡಿಕೊಳ್ಳುವುದು ಜೊತೆಗೆ ಹೋದವರ ಕೆಲಸ, ಹೆಚ್ಚಾಗಿ ನಮ್ಮಪ್ಪ ರುದ್ರಮೂರ್ತಿಯದು. ಮನೆಯ ಹಿರಿಯ ಗುರುಗಳ ಮುಂದೆ ತಾನೇ ಬಾಯಿಬಿಟ್ಟು ಕೇಳಬಾರದಂತೆ, ಕೇಳಿದರೆ ಉತ್ತರ ಮೊದಲೇ ಗಂಟು ಕಟ್ಟಿಕೊಂಡು ಬಂದ ಹಾಗಾಗುತ್ತದಂತೆ. ಅಪ್ಪ ಹೇಳುತ್ತಾರೆ, ಗುರುಗಳು ಕೇಳುತ್ತಾರೆ, ಒಂದು ಮಾತು ಆಡುತ್ತಾರೆ. ಅದು ಅಪ್ಪಣೆ. ಅಲ್ಲಿಗೆ ಮುಗಿಯಿತು.

ಚಿಕ್ಕಪ್ಪ ಬೇರೆ ಮನೆ ಮಾಡಿದ್ದು, ಅಪ್ಪ ಅಜ್ಜಂಪುರದ ಈರುಳ್ಳಿ ವ್ಯಾಪಾರ ಬಿಟ್ಟು ಕಡೂರಿನಲ್ಲಿ ತೆಂಗಿನಕಾಯಿ ಮಂಡಿ ಹಾಕಿದ್ದು, ಅಮ್ಮ ಬೀರೂರಿನ ಶಾಲೆಯ ಕೆಲಸ ಬಿಟ್ಟದ್ದು, ಎಲ್ಲ ಹೀಗೇ ತೀರ್ಮಾನವಾದವು. ಅಮ್ಮನಿಗೆ ಯಾರೂ ಕೆಲಸ ಬಿಡು ಅನ್ನಲಿಲ್ಲ. ಅಪ್ಪಣೆಯಾಯಿತು, ಬಿಟ್ಟರು. ಆ ಟೀಚರ್ ಸೀರೆಗಳು ಈಗಲೂ ಬೀರುವಿನಲ್ಲಿ ಮಡಿಚಿದ ಹಾಗೇ ಇವೆ.

ನಾನು ಬೆಂಗಳೂರಿನ ಕ್ಯಾಥೊಲಿಕ್ ಯೂನಿವರ್ಸಿಟಿ ಸೇರಿದ್ದೂ ಅಪ್ಪಣೆಯಿಂದಲೇ. "ಫಾದರ್‌ಗಳು ನಡೆಸೋದು, ಶಿಸ್ತಿರುತ್ತೆ, ಕಳಿಸಿ" ಅಂದರಂತೆ ಗುರುಗಳು. ಆ ಒಂದು ಅಪ್ಪಣೆಗೆ ಮಾತ್ರ ನಾನು ಇವತ್ತಿಗೂ ಕೈಮುಗಿಯುತ್ತೇನೆ.

ಶಿಸ್ತಿಗೇನೂ ಕೊರತೆ ಇರಲಿಲ್ಲ. ಬೆಳಗ್ಗೆ ಸ್ಪೀಕರಿನಲ್ಲಿ ಪ್ರಾರ್ಥನೆ ಕೇಳಿದ ಕೂಡಲೇ ಎಲ್ಲಿದ್ದರೂ ನಿಂತುಬಿಡಬೇಕು. ಕೊರಳಲ್ಲಿ ಐಡಿ ಕಾರ್ಡು ಇಲ್ಲದಿದ್ದರೆ ಗೇಟಿನ ಒಳಗೆ ಬಿಡುವುದಿಲ್ಲ. ನನ್ನ ಕೊರಳಲ್ಲಿ ಲಿಂಗದ ಕರಡಿಗೆ ಬೇರೆ ಇತ್ತು. ಕಾರ್ಡಿನ ದಾರ, ಕರಡಿಗೆಯ ದಾರ ಒಂದಕ್ಕೊಂದು ಸುತ್ತಿಕೊಂಡು, ಬಿಡಿಸುವಷ್ಟರಲ್ಲಿ ಕ್ಲಾಸಿನ ಬಾಗಿಲು ಹಾಕಿರುತ್ತಿತ್ತು. ಆದರೆ ಒಳಗೆ ಕೂತ ಮೇಲಿನ ಕಥೆಯೇ ಬೇರೆ. ಸೈಕಾಲಜಿ ಸೆಮಿನಾರಿನಲ್ಲಿ ಮೇಡಂ ಏನಾದರೂ ಹೇಳಿದರೆ, "ಇದನ್ನ ಯಾರು ಒಪ್ಪಲ್ಲ?" ಎಂದು ಅವರೇ ಕೇಳುತ್ತಿದ್ದರು. ಒಪ್ಪದೆ ಇದ್ದವರಿಗೆ, ಯಾಕೆ ಒಪ್ಪುವುದಿಲ್ಲ ಎಂದು ಹೇಳಿದವರಿಗೆ ಮಾರ್ಕ್ಸು. ಮೊದಲ ಸಲ ನಾನು ಎದ್ದು ನಿಂತು "ನಾನು ಒಪ್ಪಲ್ಲ ಮೇಡಂ" ಅಂದಾಗ ಮುಂದಿನ ಬೆಂಚನ್ನು ಹಿಡಿದುಕೊಂಡಿದ್ದೆ. ಮೇಡಂ ಮುಖ ಅರಳಿತು. ಎದುರು ಮಾತಾಡಿದರೆ ಮುಖ ಅರಳಿಸುವ ಹಿರಿಯರು ಭೂಮಿಯ ಮೇಲೆ ಇದ್ದಾರೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಅವತ್ತು ಹಾಸ್ಟೆಲಿಗೆ ಬಂದು ರೂಂಮೇಟ್ ಅನ್ವಿತಾಳ ಹತ್ತಿರ ಅದನ್ನೇ ಎಷ್ಟು ಸಲ ಹೇಳಿದೆನೋ, ಅವಳು ಕಿವಿ ಮುಚ್ಚಿಕೊಂಡಳು.

ನನ್ನನ್ನು ಮುಳುಗಿಸಿದ್ದು ಮನೆಯವರ ಪ್ರೀತಿ. ಹೀಗೆ ಹೇಳಿದರೆ ಕೊಬ್ಬು ಅನ್ನುತ್ತೀರಿ, ಅನ್ನಿ. ವಾರ ಕಳೆಯುವುದರೊಳಗೆ ಅಜ್ಜಿಯ ಫೋನು ಬರುತ್ತಿತ್ತು.

"ಒಂದಿನ ಬಂದು ಹೋಗೇ. ಚಿಕ್ಕಪ್ಪನ ಮಗನಿಗೆ ದೀಕ್ಷೆ ಕೊಡಿಸ್ತಿದೀವಿ."

"ಅಟೆಂಡೆನ್ಸ್ ಹೋಗುತ್ತೆ ಅಜ್ಜಿ."

"ಹೋದ್ರೆ ಹೋಗ್ಲಿ ಬಿಡು, ನಾವೇನು ಸಿನಿಮಾಕ್ಕೆ ಕರೀತಿದೀವಾ? ದೇವರ ಕಾರ್ಯ ಅಂದ್ರೆ ಅವರು ಹಾಕ್ಕೊಡಲ್ವಾ? ಅವರೂ ಸ್ವಾಮಿಗಳೇ ತಾನೇ?"

ದೀಕ್ಷೆಗೆ ಬಂದೆ. ಆಮೇಲೆ ಕಡೂರು ಮಂಡಿಯ ಪೂಜೆಗೆ ಬಂದೆ, ಲಕ್ಕವಳ್ಳಿಯ ಅತ್ತೆ ಮಗಳ ಸೀಮಂತಕ್ಕೆ ಬಂದೆ, ಮಠದ ಕಾರ್ಯಕ್ರಮಕ್ಕೆ ಬಂದೆ, ಅಜ್ಜಿಯ ಕಣ್ಣಿನ ಆಪರೇಷನ್ನಿಗೆ ಬಂದೆ. ಬರದೆ ಇದ್ದರೆ ಅಜ್ಜಿ ಬೈಯುವುದಿಲ್ಲ, ಊಟ ಬಿಡುತ್ತಾರೆ. ನಮ್ಮ ಮನೆಯಲ್ಲಿ ಕೆಟ್ಟವರು ಒಬ್ಬರೂ ಇಲ್ಲ. ಇದ್ದಿದ್ದರೆ ಅವರ ಮೇಲೆ ರೇಗಾಡಿಕೊಂಡಾದರೂ ಬದುಕುತ್ತಿದ್ದೆ.

ಯೂನಿವರ್ಸಿಟಿಯ ಆ್ಯಪಿಗೆ ಅಜ್ಜಿಯೂ ಗೊತ್ತಿಲ್ಲ, ದೀಕ್ಷೆಯೂ ಗೊತ್ತಿಲ್ಲ. ಎರಡನೇ ವರ್ಷದ ಪರೀಕ್ಷೆ ಇನ್ನೇನು ಬಂತು ಅನ್ನುವಾಗ ನನ್ನ ಹೆಸರಿನ ಮುಂದೆ ಕೆಂಪು ಗೆರೆ ಬಂತು. ಅಟೆಂಡೆನ್ಸ್ ಶಾರ್ಟೇಜ್. ಪರೀಕ್ಷೆಗೆ ಕೂರಿಸುವುದಿಲ್ಲ, ಬೇಕಾದರೆ ಜೂನ್‌ನಲ್ಲಿ ಬಂದು ಎರಡನೇ ವರ್ಷವನ್ನು ಮತ್ತೆ ಮೊದಲಿನಿಂದ ಓದಬೇಕು. ಅನ್ವಿತಾ ನನ್ನ ಜೊತೆ ಮೆಜೆಸ್ಟಿಕ್‌ವರೆಗೂ ಬಂದಳು. ರೈಲು ಬಿಡುವವರೆಗೂ ಏನೇನೋ ಸಮಾಧಾನ ಹೇಳಿದಳು, ಒಂದೂ ನನ್ನ ಕಿವಿಗೆ ಬೀಳಲಿಲ್ಲ.

ಅಜ್ಜಂಪುರದ ಮನೆಯಲ್ಲಿ ಕೂತೆ. ಕೂತೆ ಅಂದರೆ ಕೂತೆ. ಬೆಳಗ್ಗೆ ಎದ್ದರೆ ಅಜ್ಜಿ ಬಿಸಿ ರೊಟ್ಟಿ ಹಾಕುತ್ತಿದ್ದರು, ಮಧ್ಯಾಹ್ನ ಹಿತ್ತಲಿನ ಜಗಲಿಯಲ್ಲಿ ಈರುಳ್ಳಿ ಆರಿಸುವುದಕ್ಕೆ ಕೂರಿಸುತ್ತಿದ್ದರು, ಸಂಜೆ ತಲೆಗೆ ಎಣ್ಣೆ ತಟ್ಟುತ್ತಿದ್ದರು. ಬಾಗಿಲಿಗೆ ಬಂದರೆ ಬೀದಿ ಕೇಳುತ್ತಿತ್ತು. ತಾಲ್ಲೂಕು ಆಫೀಸಿಗೆ ಖಾತೆ ಮಾಡಿಸಲು ಬಂದವರು ಕೂಡ ನಮ್ಮ ಜಗಲಿಯಲ್ಲಿ ನೀರು ಕುಡಿದು, "ಏನಮ್ಮಾ, ರಜಾನಾ?" ಎಂದು ಕೇಳಿಯೇ ಹೋಗುತ್ತಿದ್ದರು. ಹೂಂ ಅಂದರೆ "ಇನ್ನೂ ಮುಗೀಲಿಲ್ವಾ ರಜ?" ಅನ್ನುವ ಇನ್ನೊಂದು ಪ್ರಶ್ನೆ ಮಾರನೆಯ ವಾರ ಕಾದಿರುತ್ತಿತ್ತು. ಫೋನು ತೆಗೆದರೆ ಅನ್ವಿತಾ ಮತ್ತು ಕ್ಲಾಸಿನವರು ಪರೀಕ್ಷೆ ಮುಗಿಸಿ ಕ್ಯಾಂಟೀನಿನ ಮುಂದೆ ಹಲ್ಲು ಕಿರಿಯುತ್ತಾ ನಿಂತ ಫೋಟೋ. ಅತ್ತರೆ ಅಜ್ಜಿ ದೃಷ್ಟಿ ತೆಗೆಯುತ್ತಿದ್ದರು.

ಒಂದು ಬೆಳಗ್ಗೆ ಅಜ್ಜ ತಿಂಡಿಗೆ ಕೂತಾಗ ಮಾತು ತೆಗೆದರು.

"ತರೀಕೆರೆಗೆ ದಿನಾ ಬಸ್ಸೈತಲ್ಲಮ್ಮ. ಅಲ್ಲಿ ಕಾಲೇಜಿಗೆ ಸೇರ್ಕೋ. ಬೆಳಗ್ಗೆ ಹೋಗು, ಸಂಜೆ ಮನೆ. ಡಿಗ್ರಿ ಎಲ್ಲಿ ಮಾಡಿದ್ರೂ ಡಿಗ್ರೀನೇ."

"ಅಲ್ಲಿ ನನ್ನ ಸಬ್ಜೆಕ್ಟ್ ಇಲ್ಲ ಅಜ್ಜ."

"ಇರೋ ಸಬ್ಜೆಕ್ಟ್ ಓದು. ಬರೋ ಸೋಮವಾರ ಮಠಕ್ಕೆ ಹೋಗಿ ಒಂದು ಮಾತು ಕೇಳ್ಕೊಂಡು ಬತ್ತೀವಿ."

ಅಪ್ಪ ತಲೆ ತಗ್ಗಿಸಿ ಚಟ್ನಿಗೆ ದೋಸೆ ಅದ್ದುತ್ತಿದ್ದರು. ಅಜ್ಜನ ಎದುರು ಅಪ್ಪ ಬೇಡ ಅಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಅಜ್ಜ ಎದ್ದರೆ ಏಳುತ್ತಾರೆ, ಕೂತರೆ ಕೂರುತ್ತಾರೆ. ಸಂಜೆ ಮನೆ, ಸಂಜೆ ಮನೆ, ಸಂಜೆ ಮನೆ. ಹಾಗೇ ಒಂದು ಸಂಜೆ ಯಾರದೋ ಮನೆಯವರು ಬಂದು ಕೂತಿರುತ್ತಾರೆ, ಮದುವೆಗೂ ಅಪ್ಪಣೆ ಆಗಿರುತ್ತದೆ. ಮಠದಲ್ಲಿ ಸೋಮವಾರ ತರೀಕೆರೆ ಅಂದುಬಿಟ್ಟರೆ ಬ್ರಹ್ಮ ಬಂದರೂ ಬದಲಾಯಿಸುವ ಹಾಗಿಲ್ಲ. ಏನಾದರೂ ಮಾಡುವುದಿದ್ದರೆ ಸೋಮವಾರದೊಳಗೆ ಮಾಡಬೇಕಿತ್ತು.

ಆಗ ನನಗೆ ಒಂದು ಉಪಾಯ ಹೊಳೆಯಿತು. ಬಹಳ ಬುದ್ಧಿವಂತೆ ನಾನು, ಅಂದುಕೊಂಡೆ.

ಅಜ್ಜ ಕೈ ತೊಳೆದು ಬಂದ ಮೇಲೆ ಟವೆಲ್ಲು ಕೊಟ್ಟು, ಆದಷ್ಟು ಮೆತ್ತಗೆ ಕೇಳಿದೆ.

"ಅಜ್ಜ, ಇಷ್ಟು ದಿನ ನಾನು ಓದಿದ್ದು ಫಾದರ್ ಹತ್ರ. ಅವರೂ ಸನ್ಯಾಸಿಗಳೇ. ಅವರ ಅಪ್ಪಣೆ ತಗೊಳ್ದೆ ಬಿಡಿಸ್ಕೊಂಡು ಬಂದ್ರೆ ಸರಿ ಇರುತ್ತಾ?"

ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರ ಮುಖದಲ್ಲಿ ಕಂಡದ್ದು ಸಂತೋಷ. ಮೊಮ್ಮಗಳಿಗೆ ಪಟ್ಟಣಕ್ಕೆ ಹೋದರೂ ಸಂಸ್ಕಾರ ಉಳಿದಿದೆ ಅನ್ನುವ ಸಂತೋಷ.

"ಅದೂ ನಿಜ ಕಣಮ್ಮ. ಗುರು ಅಂದ್ಮೇಲೆ ಯಾವ ಮಠದೋರಾದ್ರೇನು? ಅವರ ಹತ್ರನೇ ಹೋಗಾನ. ಅವರು ಓದು ಅಂದ್ರೆ ಓದು, ಸಾಕು ಅಂದ್ರೆ ಸಾಕು. ಆಮೇಲೆ ಈ ಮನೇಲಿ ಆ ಮಾತು ಯಾರೂ ಎತ್ತಂಗಿಲ್ಲ. ನೀನೂ ಎತ್ತಂಗಿಲ್ಲ, ನಾನೂ ಎತ್ತಂಗಿಲ್ಲ. ಆಯ್ತಾ?"

"ಆಯ್ತಜ್ಜ" ಅಂದೆ. ಓದಬೇಡ ಎಂದು ಹೇಳುವ ಕಾಲೇಜಿನವರು ಜಗತ್ತಿನಲ್ಲಿ ಎಲ್ಲಾದರೂ ಇದ್ದಾರೆಯೇ? ಆ ದಿನ ನಾನು ಎರಡು ಸಲ ಅನ್ನ ಹಾಕಿಸಿಕೊಂಡೆ.

ಬೀರೂರಿನಲ್ಲಿ ಬೆಳಗಿನ ರೈಲು ಹತ್ತಿ ಮೂವರೂ ಹೋದೆವು, ಅಜ್ಜ, ಅಪ್ಪ, ನಾನು. ಫಾದರ್ ಸಿರಿಯಾಕ್ ನಮ್ಮ ವಿಭಾಗದ ಡೀನ್, ಕೇರಳದವರು. ಕನ್ನಡದಲ್ಲಿ "ನಮಸ್ಕಾರ", "ಕೂತ್ಕೊಳ್ಳಿ" ಬಿಟ್ಟರೆ ಅವರಿಗೆ ಬೇರೆ ಬಾರದು. ಅಜ್ಜ ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಒಳಗೆ ಬಂದರು. ಬಿಳಿ ನಿಲುವಂಗಿ ಹಾಕಿಕೊಂಡು ನಿಂತಿದ್ದ ಫಾದರ್ ಅವರನ್ನು ಕಂಡದ್ದೇ, "ಬುದ್ಧೀ" ಎಂದು ಕಾಲಿಗೆ ಬಾಗಿದರು. ಮಠದ ಗುರುಗಳನ್ನು ನಮ್ಮ ಕಡೆ ಕರೆಯುವುದೇ ಹಾಗೆ. ಫಾದರ್ ಗಾಬರಿಯಾಗಿ ಅಜ್ಜನ ಎರಡೂ ಭುಜ ಹಿಡಿದುಕೊಂಡರು. ಅಜ್ಜನಿಗೆ ಇನ್ನೂ ಖುಷಿಯಾಯಿತು, ಗುರುಗಳೇ ಮುಟ್ಟಿ ಎಬ್ಬಿಸಿದರಲ್ಲ ಎಂದು. ಬಾಳೆಹಣ್ಣು, ತೆಂಗಿನಕಾಯಿ ಕಂಪ್ಯೂಟರಿನ ಪಕ್ಕದಲ್ಲಿ ಕೂತವು. ಅಜ್ಜ ಕುರ್ಚಿಯ ತುದಿಯಲ್ಲಿ ಕೂತು ಕೈ ಮುಗಿದರು, ಕಣ್ಣು ತಗ್ಗಿಸಿದರು, ಇನ್ನು ಬಾಯಿ ತೆರೆಯುವುದಿಲ್ಲ ಅನ್ನುವುದು ನಮಗೆ ಗೊತ್ತಾಯಿತು. ಅಪ್ಪ ನನ್ನ ಕಡೆ ನೋಡಿದರು. ಬಿನ್ನಹ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಮತ್ತೆ ಬಂದು ಓದಬೇಕೋ, ಟೀಸಿ ತೆಗೆದುಕೊಂಡು ಊರಿನ ಹತ್ತಿರ ಸೇರಬೇಕೋ ಅನ್ನುವುದನ್ನು ನಿಮ್ಮನ್ನು ಕೇಳಲು ಬಂದಿದ್ದೇವೆ ಅಂದೆ. ಫಾದರ್ ನನ್ನ ಇಂಟರ್ನಲ್ಸ್ ಮಾರ್ಕ್ಸು ತೆಗೆದು ನೋಡಿದರು. ಒಳ್ಳೆಯ ವಿದ್ಯಾರ್ಥಿನಿ, ಬಂದರೆ ನಮಗೆ ಸಂತೋಷ ಅಂದರು. ನನ್ನ ಎದೆ ಹಗುರಾಯಿತು. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ ಆ ಪುಣ್ಯಾತ್ಮ? "ಆದರೆ ನಾವು ಯಾರನ್ನೂ ಬಲವಂತ ಮಾಡುವುದಿಲ್ಲ. ಮನೆಯವರಿಗೆ ಬೇರೆ ಯೋಚನೆ ಇದ್ದರೆ ಇವತ್ತೇ ಟೀಸಿ ಕೊಡಿಸುತ್ತೇನೆ. ಕುಟುಂಬದ ತೀರ್ಮಾನವನ್ನು ನಾವು ಗೌರವಿಸುತ್ತೇವೆ."

ನನ್ನ ಪಕ್ಕದಲ್ಲೇ ಅಪ್ಪ ಕೂತಿದ್ದರು. ತಿರುಚಿ ಹೇಳುವ ಹಾಗಿರಲಿಲ್ಲ, ಅವರಿಗೆ ಪ್ರತಿ ಮಾತೂ ಅರ್ಥವಾಗುತ್ತದೆ. ಅಂದದ್ದನ್ನು ಅಂದ ಹಾಗೇ ಅಜ್ಜನಿಗೆ ಹೇಳಿದೆ.

ಅಜ್ಜ ಕಣ್ಣು ಎತ್ತಲಿಲ್ಲ. "ಅದು ಅವರ ದೊಡ್ಡತನ. ಅಪ್ಪಣೆ ಏನಂತೆ ಕೇಳು" ಅಂದರು.

"ಫಾದರ್, ನಾನು ಏನು ಮಾಡಬೇಕು ಅಂತ ನೀವೇ ಹೇಳಬೇಕಂತೆ."

"ಅದನ್ನು ನಾನು ಹೇಗೆ ಹೇಳಲಿ? ಅದು ನಿಮ್ಮ ಮನೆಯ ವಿಷಯ."

"ಏನಂತೆ?"

"ಅದು ನಮ್ಮನೆ ವಿಷಯ ಅಂತೆ, ಅಜ್ಜ."

"ಅದಕ್ಕೇ ತಾನೇ ಬಂದಿರೋದು? ಇನ್ನೊಂದ್ಸಲ ಕೇಳು."

ಒಂದು ಕಡೆ ಅಪ್ಪಣೆ ಇಲ್ಲದೆ ಏಳದ ಅಜ್ಜ, ಇನ್ನೊಂದು ಕಡೆ ಸತ್ತರೂ ಅಪ್ಪಣೆ ಕೊಡದ ಫಾದರ್, ಮಧ್ಯೆ ಇಬ್ಬರ ಮಾತನ್ನೂ ಹೊತ್ತು ಹಾಕುವ ನಾನು. ನಾನೇ ತೋಡಿದ ಹಳ್ಳ ಅದು. ನಾಚಿಕೆ ಬಿಟ್ಟು ಬೇಡಿಕೊಂಡೆ. "ಫಾದರ್, ಒಂದೇ ಒಂದು ವಾಕ್ಯ. ಸಂಗೀತಾ ಇಲ್ಲೇ ಓದಲಿ ಅಂತ ಹೇಳಿ. ನೀವು ಹೇಳಿದರೆ ಅವರು ಕೇಳುತ್ತಾರೆ."

ಫಾದರ್ ಕನ್ನಡಕ ತೆಗೆದರು. "ನಾನು ಹೇಳಿದರೆ ಅದು ನನ್ನ ತೀರ್ಮಾನ ಆಗುತ್ತದೆ, ಸಂಗೀತಾ. ಓದುವವಳು ನೀನು. ನಿನಗೆ ಏನು ಬೇಕು?"

"ನನಗೆ ಇಲ್ಲಿಗೆ ವಾಪಸ್ ಬರಬೇಕು" ಅಂದೆ. ಇಂಗ್ಲಿಷಿನಲ್ಲಿ ಅದು ಒಂದೇ ಉಸಿರಿಗೆ ಬಂತು.

"ಹಾಗಾದರೆ ಅದನ್ನು ಅವರಿಗೆ ಹೇಳು."

ಅಜ್ಜನ ಕಡೆ ತಿರುಗಿದೆ. ಅವರು ಕೈ ಮುಗಿದುಕೊಂಡೇ ಇದ್ದರು, ಹಣೆಯ ವಿಭೂತಿ ಬೆವರಿಗೆ ಅಳಿಸಿತ್ತು. ಅದೇ ಮಾತು ಕನ್ನಡದಲ್ಲಿ ಬರಲೇ ಇಲ್ಲ. ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ "ನಂಗೆ ಉಪ್ಪಿನಕಾಯಿ ಬೇಕು" ಅಂದದ್ದುಂಟು. ಅದಕ್ಕಿಂತ ದೊಡ್ಡದನ್ನು ಯಾರೂ ಅಜ್ಜನ ಮುಖಕ್ಕೆ ಬೇಕು ಅಂದಿಲ್ಲ, ಅಮ್ಮ ಅಂದಿಲ್ಲ, ಚಿಕ್ಕಪ್ಪ ಅಂದಿಲ್ಲ. ಸೆಮಿನಾರಿನಲ್ಲಿ ಎದ್ದು ನಿಂತದ್ದು ಇದರ ಮುಂದೆ ಏನೇನೂ ಅಲ್ಲ.

"ನಂಗೆ ಇಲ್ಲೇ ಓದ್ಬೇಕು, ಅಜ್ಜ."

ಅಜ್ಜ ಈಗ ಕಣ್ಣೆತ್ತಿದರು. ಕೋಪ ಇರಲಿಲ್ಲ, ನಿಜವಾಗಿಯೂ ಅರ್ಥವಾಗದ ಮುಖ.

"ನಿನ್ನದು ಯಾರು ಕೇಳಿದ್ರಮ್ಮ? ಬುದ್ಧಿಯವರದ್ದು ಕೇಳಿದ್ದು."

"ಬುದ್ಧಿಯವರು ಹೇಳಲ್ವಂತೆ."

"ಹಂಗಾದ್ರೆ ನಮಗೇ ಬಿಟ್ಟಿದಾರೆ. ಅದೂ ಅಪ್ಪಣೆನೇ." ಅವರು ಉಸಿರು ಬಿಟ್ಟು ಕುರ್ಚಿಗೆ ಒರಗಿದರು, ಹೊತ್ತುಕೊಂಡು ಬಂದ ಮೂಟೆ ಇಳಿಸಿದವರ ಹಾಗೆ. "ಟೀಸಿ ಕೊಡಿಸ್ಬೇಕು ಅಂತ ಬಿನ್ನಹ ಮಾಡ್ಕೋ. ತರೀಕೆರೆಗೆ ಹಾಕಾನ."

ಮತ್ತೆ ಕೈ ಮುಗಿದು ಕಣ್ಣು ತಗ್ಗಿಸಿದರು. ಫಾದರ್ ನನ್ನನ್ನೇ ನೋಡುತ್ತಿದ್ದರು, ಅಜ್ಜ ಏನು ಹೇಳಿದರೆಂದು ಕೇಳಲು. ನನ್ನ ಕುತ್ತಿಗೆಗೆ ಹಾಕುವ ಹಗ್ಗವನ್ನು ನಾನೇ ಗಂಟು ಹಾಕಿ ಕೊಡಬೇಕಿತ್ತು. ಸಿಟ್ಟು ನೆತ್ತಿಗೇರಿತು. ಅಜ್ಜನ ಮೇಲೆ, ಫಾದರ್ ಮೇಲೆ, ಆ ಹಾಳು ಬಾಳೆಹಣ್ಣಿನ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ಪಕ್ಕದಲ್ಲಿ ಕೂತು ತನ್ನ ಅಂಗೈ ನೋಡಿಕೊಳ್ಳುತ್ತಿದ್ದ ಅಪ್ಪನ ಮೇಲೆ.

"ಅದನ್ನ ನಾನು ಹೇಳಲ್ಲ" ಅಂದೆ.

"ಏನಂದೆ?"

"ನಾನು ಹೇಳಲ್ಲ ಅಜ್ಜ. ಟೀಸಿ ಬೇಕು ಅಂತ ನನ್ನ ಬಾಯಲ್ಲಿ ಬರಲ್ಲ. ಬೇಕಾದ್ರೆ ನೀವೇ ಹೇಳಿ."

ಟೀಸಿ ಅನ್ನುವ ಎರಡಕ್ಷರ ಹೇಳಲು ಅಜ್ಜನಿಗೆ ಇಂಗ್ಲಿಷ್ ಏನೂ ಬೇಕಿರಲಿಲ್ಲ. ಆದರೆ ಗುರುಗಳ ಮುಂದೆ ಅವರು ತಮ್ಮ ಬಾಯಿಂದ ಏನನ್ನೂ ಕೇಳಿದವರಲ್ಲ, ಎಪ್ಪತ್ತು ದಾಟಿದ ಮೇಲೆ ಅದನ್ನು ಮುರಿಯುವವರೂ ಅಲ್ಲ. ಅವರು ನನ್ನನ್ನು ಬೈಯಲಿಲ್ಲ. ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ನನ್ನ ಆಚೆ ನೋಡಿದರು.

"ರುದ್ರ, ನೀನು ಹೇಳೋ."

ಆಯಿತು, ಮುಗಿಯಿತು ಅಂದುಕೊಂಡೆ. ಅಪ್ಪ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಸರಿದರು. ಫಾದರ್ ಅವರ ಕಡೆ ತಿರುಗಿದರು. ಅಪ್ಪ ಕರ್ಚೀಫಿನಿಂದ ಬಾಯಿ ಒರೆಸಿಕೊಂಡರು, ಒಂದು ಸಲ ನನ್ನ ಮುಖ ನೋಡಿದರು, ಆಮೇಲೆ ನೆಲ ನೋಡಿದರು.

"ನಂಗೆ ಇಂಗ್ಲಿಷ್ ಬರಲ್ಲ, ಅಪ್ಪಾಜಿ."

ನಾನು ಕೇಳಿಸಿಕೊಂಡದ್ದು ಸರಿಯೇ ಎಂದು ನನಗೇ ಅನುಮಾನವಾಯಿತು. ಆ ದಿನ ಬೆಳಗ್ಗೆ ತುಮಕೂರು ಬರುವವರೆಗೂ ರೈಲಿನಲ್ಲಿ ಅಜ್ಜನ ಮಗ್ಗುಲಲ್ಲೇ ಕೂತು, ತಮಿಳುನಾಡಿನ ಎಣ್ಣೆ ಮಿಲ್ಲಿನವರ ಜೊತೆ ಫೋನಿನಲ್ಲಿ ಇಂಗ್ಲಿಷಿನಲ್ಲೇ ರೇಟು ಜಗ್ಗಾಡಿದ ಮನುಷ್ಯ ಇವರು. ಸ್ವಲ್ಪ ಹೊತ್ತಿನ ಹಿಂದೆ ಇದೇ ಬಾಗಿಲಲ್ಲಿ "ಗುಡ್ ಆಫ್ಟರ್‌ನೂನ್ ಫಾದರ್, ಸಾರಿ, ಟ್ರೇನ್ ಲೇಟ್" ಎಂದು ಫಾದರ್ ಕೈ ಕುಲುಕಿದವರೂ ಇವರೇ.

ಅಜ್ಜ ಮಗನನ್ನು ನೋಡುತ್ತಲೇ ಇದ್ದರು. ಅಪ್ಪ ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಾಗಿದ್ದವು.

"ನಿಮ್ಮ ತಂದೆ ಏನು ಹೇಳುತ್ತಿದ್ದಾರೆ?" ಫಾದರ್ ನನ್ನನ್ನು ಕೇಳಿದರು.

"ಅವರಿಗೆ ಇಂಗ್ಲಿಷ್ ಬರುವುದಿಲ್ಲವಂತೆ, ಫಾದರ್" ಅಂದೆ.

ಫಾದರ್ ಅಪ್ಪನನ್ನು ಒಂದು ಕ್ಷಣ ನೋಡಿ, ಕನ್ನಡಕ ಹಾಕಿಕೊಂಡು, ಮೇಜಿನ ಮೇಲಿನ ಕಾಗದ ಸರಿ ಮಾಡತೊಡಗಿದರು.

"ನಿಂಗೇ ಬರಲ್ಲ ಅಂದ್ಮೇಲೆ, ನಂಗೆಲ್ಲಿಂದ ಬರ್ಬೇಕೋ" ಅಂದರು ಅಜ್ಜ.

ಎದ್ದರು. ಫಾದರ್‌ಗೆ ಕೈ ಮುಗಿದರು. ನಮ್ಮಿಬ್ಬರ ಕಡೆ ತಿರುಗದೆ ಹೊರಗೆ ಹೋಗಿ ಚಪ್ಪಲಿಗಾಗಿ ಕಾಲಾಡಿಸುತ್ತಿದ್ದದ್ದು ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಅಪ್ಪ ಅವರ ಹಿಂದೆ ಏಳಲಿಲ್ಲ. ಜೇಬಿನಿಂದ ಪೆನ್ನು ತೆಗೆದು, "ಮತ್ತೆ ಇಲ್ಲಿ ಸೇರ್ಸೋಕೆ ಎಲ್ಲಿ ಸೈನ್ ಹಾಕ್ಬೇಕು ಅಂತ ಕೇಳಮ್ಮ" ಅಂದರು.